ನ್ಯೂಕ್ಲಿಯಸ್ ನೀರಿನ ಹನಿಯೋ, ಸೀಟು ತುಂಬಿದ ಬಸ್ಸೋ?

ಓದುಗರ ಪ್ರಶ್ನೆ: ಪರಮಾಣುವಿನ ನ್ಯೂಕ್ಲಿಯಸ್ ದ್ರವದ ಹನಿಯ ಹಾಗೆ ಅಂತ ಒಂದು ಕಡೆ ಓದಿದೆ. ಅದರೊಳಗಿನ ಕಣಗಳು ತಮ್ಮ ತಮ್ಮ ಕಕ್ಷೆಯಲ್ಲಿ ಸುತ್ತುತ್ತವೆ ಅಂತ ಇನ್ನೊಂದು ಕಡೆ ಇತ್ತು. ವಸ್ತು ಒಂದೇ ಅಲ್ವಾ? ಹಾಗಾದರೆ ಯಾವುದನ್ನು ನಂಬಬೇಕು?

ಉತ್ತರ: ಮಾದರಿಗಳನ್ನು ಸ್ವಲ್ಪ ಪಕ್ಕಕ್ಕಿಟ್ಟು, ನ್ಯೂಕ್ಲಿಯಸ್ಸೇ ಏನು ಹೇಳುತ್ತದೆ ನೋಡೋಣ. ಅದಕ್ಕೆ ಹೊರಗಿನಿಂದ ಶಕ್ತಿ ಕೊಟ್ಟರೆ ಸಾಮಾನ್ಯವಾಗಿ ಅದನ್ನು ಗಾಮಾ ಕಿರಣವಾಗಿ ವಾಪಸ್ ಬಿಡುತ್ತದೆ. ಆದರೆ ಮನಸ್ಸಿಗೆ ಬಂದಷ್ಟು ಶಕ್ತಿ ತೆಗೆದುಕೊಳ್ಳುವುದಿಲ್ಲ. ಏಣಿಯ ಮೆಟ್ಟಿಲುಗಳ ಹಾಗೆ ಗೊತ್ತಾದ ಮಟ್ಟಗಳಿವೆ. ತೀರಾ ಕೆಳಗಿನದನ್ನು ಬಿಟ್ಟು ಎಲ್ಲಿ ನಿಂತರೂ ಅದು ಉದ್ರಿಕ್ತ ಸ್ಥಿತಿ. ಮೆಟ್ಟಿಲುಗಳ ನಡುವಿನ ಅಂತರ ಅಳೆದರೆ ಒಳಗೆ ನಡೆಯುವುದರ ಸುಳಿವು ಸಿಗುತ್ತದೆ.

ಯುರೇನಿಯಂ-238 ನೋಡಿ. ಅದರ ಮೊದಲ ಮೂರು ಮೆಟ್ಟಿಲು ಸುಮಾರು 45, 148, 307 ಕಿಲೋ ಎಲೆಕ್ಟ್ರಾನ್ ವೋಲ್ಟ್‌ನಲ್ಲಿವೆ (ಮುಂದೆ ಕೆಇವಿ ಅನ್ನೋಣ). ಈ ಮಟ್ಟಗಳ ಸ್ಪಿನ್ (ತಿರುಗುವಿಕೆ ಎಷ್ಟು ಎಂದು ಹೇಳುವ ಸಂಖ್ಯೆ) 2, 4, 6. ಪ್ರತಿ ಸಂಖ್ಯೆಯನ್ನೂ ಅದಕ್ಕಿಂತ ಒಂದು ಹೆಚ್ಚಿನ ಸಂಖ್ಯೆಯಿಂದ ಗುಣಿಸಿ (2×3, 4×5, 6×7): 6, 20, 42. ಇಡಿಯಾಗಿ ತಿರುಗುವ ವಸ್ತುವಿನ ಶಕ್ತಿ ಇದೇ ಲೆಕ್ಕದಲ್ಲಿ ಏರಬೇಕು, ಅಂದರೆ 1, 3.33, 7. ಅಳತೆಯಲ್ಲಿ ಸಿಗುವುದು 1, 3.3, 6.8. ತಿರುಗುವ ವೇಗ ಜಾಸ್ತಿಯಾದಂತೆ ಅದು ಪೂರ್ತಿ ಗಟ್ಟಿಯಾಗಿ ಉಳಿಯುವುದಿಲ್ಲ, ಅದಕ್ಕೆ ಆ ಚೂರು ಕೊರತೆ. ಇನ್ನೊಂದು ಮಾತು: ಚೆಂಡಿನಂತೆ ಪೂರ್ತಿ ದುಂಡಗಿರುವುದನ್ನು ತಿರುಗಿಸಿದರೆ ಏನೂ ಬದಲಾಗಿ ಕಾಣುವುದಿಲ್ಲ. ಕ್ವಾಂಟಂ ನಿಯಮದಲ್ಲಿ ಅದನ್ನು ತಿರುಗುವಿಕೆ ಅಂತ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಹಾಗಾಗಿ ಯುರೇನಿಯಂ ನ್ಯೂಕ್ಲಿಯಸ್ ದುಂಡಗಿಲ್ಲ, ಸುಲಿಯದ ತೆಂಗಿನಕಾಯಿಯ ಹಾಗೆ ಉದ್ದುದ್ದ ಇದೆ.

ಕ್ಯಾಡ್ಮಿಯಂ-114ರ ಕಥೆ ಬೇರೆ. ಮೊದಲ ಮೆಟ್ಟಿಲು 558 ಕೆಇವಿ. ಅದರ ಎರಡರಷ್ಟು ಎತ್ತರದ ಆಸುಪಾಸಿನಲ್ಲಿ, 1135ರಿಂದ 1284ರ ಒಳಗೆ, ಮೂರು ಮಟ್ಟಗಳು ಗುಂಪಾಗಿವೆ. ದುಂಡನೆಯ ಹನಿಯೊಂದು ಕಂಪಿಸಿದರೆ ಹೀಗೇ ಕಾಣಬೇಕು: ಒಂದು ಕಂಪನಕ್ಕೆ ಇಷ್ಟು, ಎರಡಕ್ಕೆ ಅದರ ದುಪ್ಪಟ್ಟು. ಪಠ್ಯಪುಸ್ತಕಗಳಿಗೆ ಇದು ಅಚ್ಚುಮೆಚ್ಚಿನ ಉದಾಹರಣೆ. ಆದರೆ ಈಚಿನ ಸೂಕ್ಷ್ಮ ಅಳತೆಗಳು ಇನ್ನೂ ಮೇಲಿನ ಮೆಟ್ಟಿಲುಗಳಿಗೆ ಬಂದಾಗ ಈ ಚಿತ್ರಕ್ಕೆ ಒಗ್ಗುತ್ತಿಲ್ಲ. ನಾನಂತೂ ಇದನ್ನು ಸ್ವಲ್ಪ ಅನುಮಾನದಿಂದಲೇ ನೋಡುತ್ತೇನೆ.

ಇನ್ನು ಸೀಸ-208. ಇದರ ಮೊದಲ ಮೆಟ್ಟಿಲೇ 2615 ಕೆಇವಿ, ಯುರೇನಿಯಂನದಕ್ಕಿಂತ ಸುಮಾರು 58 ಪಟ್ಟು ಎತ್ತರ! ಅದರಲ್ಲಿ 82 ಪ್ರೋಟಾನ್, 126 ನ್ಯೂಟ್ರಾನ್ ಇವೆ. ಎರಡೂ 'ಮಾಯಾ ಸಂಖ್ಯೆ'ಗಳು, ಅಂದರೆ ಪ್ರೋಟಾನ್ ಅಥವಾ ನ್ಯೂಟ್ರಾನ್ ಅಷ್ಟಿದ್ದರೆ ನ್ಯೂಕ್ಲಿಯಸ್ ವಿಶೇಷವಾಗಿ ಸ್ಥಿರವಾಗಿರುತ್ತದೆ. 2, 8, 20, 28, 50, 82, 126 ಎಂಬ ಈ ಸಾಲು ಎಲ್ಲಿಂದ ಬಂತು ಎನ್ನುವುದು ಬಹಳ ದಿನ ಒಗಟಾಗಿತ್ತು. ಕಣ ತನ್ನ ಸುತ್ತ ತಾನು ತಿರುಗುವ ದಿಕ್ಕೂ ಕಕ್ಷೆಯಲ್ಲಿ ಸುತ್ತುವ ದಿಕ್ಕೂ ಒಂದೇ ಆದರೆ ಅದರ ಶಕ್ತಿ ಕಡಿಮೆಯಾಗುತ್ತದೆ ಎಂದು ಸೇರಿಸಿಕೊಂಡರೆ ಸಾಲು ತಾನಾಗಿ ಬರುತ್ತದೆ. 1949ರಲ್ಲಿ ಅಮೆರಿಕದಲ್ಲಿ ಮರಿಯಾ ಗೋಪರ್ಟ್ ಮೇಯರ್ ಇದನ್ನು ತೋರಿಸಿದರು. ಅದೇ ಹೊತ್ತಿಗೆ ಜರ್ಮನಿಯಲ್ಲಿ ಯೆನ್ಸನ್ ಮತ್ತು ಜೊತೆಗಾರರೂ ಅಲ್ಲಿಗೇ ಬಂದಿದ್ದರು. ಮೇಯರ್‌ಗೆ ಆ ಸುಳಿವು ಸಿಕ್ಕಿದ್ದು ಎನ್ರಿಕೊ ಫರ್ಮಿ ಕೇಳಿದ ಒಂದು ಪ್ರಶ್ನೆಯಿಂದ. ಇದು ಕವಚ ಮಾದರಿ: ಕಣಗಳು ಇಂತಿಷ್ಟೇ ಜಾಗವಿರುವ ಕಕ್ಷೆಗಳ ಗುಂಪುಗಳಲ್ಲಿ, ಅಂದರೆ ಕವಚಗಳಲ್ಲಿ, ಇರುತ್ತವೆ. ಬಸ್ಸಿನ ಸೀಟುಗಳೆಲ್ಲ ತುಂಬಿವೆ ಅಂದುಕೊಳ್ಳಿ. ಯಾರಾದರೂ ಜಾಗ ಬದಲಿಸಬೇಕೆಂದರೆ ಟಾಪ್ ಮೇಲೇ ಹತ್ತಬೇಕು. ಅದಕ್ಕೇ ಮೊದಲ ಮೆಟ್ಟಿಲು ಅಷ್ಟು ಮೇಲೆ.

ಅಂದರೆ ಇಡಿಯಾಗಿ ತಿರುಗುವ ಯುರೇನಿಯಂ ಹನಿ, ಸೀಸ ಬಸ್ಸು, ಅಷ್ಟೇನಾ? ಅಲ್ಲ, ಮಜಾ ಇರುವುದೇ ಇಲ್ಲಿ. ಸೀಸ-208ರಲ್ಲಿ ಒಂದು ನ್ಯೂಟ್ರಾನ್ ಮೇಲಿನ ಕವಚಕ್ಕೆ ಹಾರಲು ಕಡಿಮೆಯೆಂದರೂ ಸುಮಾರು 3400 ಕೆಇವಿ ಬೇಕು. ಪ್ರೋಟಾನಿಗೆ ಇನ್ನೂ ಜಾಸ್ತಿ, ಸುಮಾರು 4200. ಹಾಗಿದ್ದಮೇಲೆ 2615ರಲ್ಲಿ ಮೆಟ್ಟಿಲು ಬಂದದ್ದು ಹೇಗೆ?

ಅದು ಒಂದು ಕಣದ ಹಾರಿಕೆ ಅಲ್ಲ. ಸಾಧ್ಯವಿರುವ ಹತ್ತಾರು ಹಾರಿಕೆಗಳು ಸ್ವಲ್ಪ ಸ್ವಲ್ಪ ಬೆರೆತು ಒಂದೇ ತಾಳಕ್ಕೆ ಬಂದ ಸ್ಥಿತಿ. ತೇರು ಎಳೆಯುವಾಗ ಒಬ್ಬೊಬ್ಬರು ಹಾಕುವುದು ಸ್ವಲ್ಪವೇ ಬಲ, ಆದರೆ ಒಟ್ಟಿಗೆ ಹಾಕಿದಾಗ ತೇರು ಹೊರಡುತ್ತದೆ, ಹಾಗೆ. ಕಣಗಳ ನಡುವಿನ ಸೆಳೆತದಿಂದ ಈ ಕೂಡಿದ ಸ್ಥಿತಿಯ ಶಕ್ತಿ ಒಂಟಿ ಹಾರಿಕೆಗಿಂತ ಕೆಳಗಿಳಿಯುತ್ತದೆ. ಹೊರಗಿನಿಂದ ನೋಡಿದರೆ ಅದು ಹನಿಯ ಮೇಲ್ಮೈ ಸೋರೆಕಾಯಿ ಆಕಾರಕ್ಕೆ ಕಂಪಿಸಿದಂತೆ. ಆರ್‌ಪಿಎ ಎಂಬ ಲೆಕ್ಕದ ವಿಧಾನ ಮಾಡುವುದು ಇದನ್ನೇ, ಕವಚಗಳಿಂದ ಶುರುಮಾಡಿ ಹನಿಯ ಕಂಪನವನ್ನು ಕಟ್ಟುವುದು. (ಈ 2615ರ ಗಾಮಾ ಕಿರಣ ಅಪರೂಪದ್ದೇನಲ್ಲ. ಗ್ರಾನೈಟ್ ಕಲ್ಲಿನಲ್ಲಿರುವ ಚೂರುಪಾರು ಥೋರಿಯಂ ಕ್ಷಯಿಸುತ್ತಾ ಕೊನೆಗೆ ಸೀಸ-208 ಆಗುವಾಗ ಇದೇ ಕಿರಣ ಹೊರಬರುತ್ತದೆ.)

ಯುರೇನಿಯಂನಲ್ಲೂ ಉದ್ದುದ್ದ ಆಕಾರ ಕೊಟ್ಟಿರುವುದು ಅರ್ಧಂಬರ್ಧ ತುಂಬಿದ ಕವಚಗಳ ಕಣಗಳೇ. ಹೊರಗಿನ ಕಣ ಒಳಗಿನ ತಿರುಳನ್ನು ಎಳೆದು ಆಕಾರ ಕೆಡಿಸಬಹುದು ಅಂತ 1950ರಲ್ಲಿ ಜೇಮ್ಸ್ ರೇನ್‌ವಾಟರ್ ಹೇಳಿದರು. ಕೋಪನ್‌ಹೇಗನ್‌ನಲ್ಲಿ ಆಗೆ ಬೋರ್ ಮತ್ತು ಬೆನ್ ಮೊಟ್ಟೆಲ್ಸನ್ ಅದನ್ನು ಪೂರ್ಣ ಸಿದ್ಧಾಂತ ಮಾಡಿದರು. ಮೂವರಿಗೂ 1975ರಲ್ಲಿ ನೊಬೆಲ್ ಬಂತು. ಆಗೆಯ ತಂದೆ ನೀಲ್ಸ್ ಬೋರ್ ಹನಿ ಪಕ್ಷದವರು. ಮಗ ಎರಡು ಪಕ್ಷಗಳಿಗೂ ರಾಜಿ ಮಾಡಿಸಿದ ಹಾಗಾಯಿತು.

ಎಲ್ಲವೂ ಬಗೆಹರಿದಿದೆ ಅಂತಲ್ಲ. ಕಾರ್ಬನ್-12ರಲ್ಲಿ 7650 ಕೆಇವಿ ಹತ್ತಿರ ಒಂದು ಮಟ್ಟ ಇರಲೇಬೇಕು, ಇಲ್ಲದಿದ್ದರೆ ನಕ್ಷತ್ರಗಳಲ್ಲಿ ಇಷ್ಟು ಕಾರ್ಬನ್ ಹುಟ್ಟುತ್ತಿರಲಿಲ್ಲ ಅಂತ 1953ರಲ್ಲಿ ಫ್ರೆಡ್ ಹೋಯ್ಲ್ ಹಟ ಹಿಡಿದರು. ಹುಡುಕಿದಾಗ ಸಿಕ್ಕೇಬಿಟ್ಟಿತು. ಮಾಮೂಲಿ ಕವಚ ಲೆಕ್ಕಕ್ಕೆ ಅದು ಜಗ್ಗುವುದಿಲ್ಲ. ಮೂರು ಹೀಲಿಯಂ ನ್ಯೂಕ್ಲಿಯಸ್‌ಗಳು ಸಡಿಲವಾಗಿ ಜೊತೆಗಿವೆ ಅಂದುಕೊಂಡರೆ ಚೆನ್ನಾಗಿ ಹೊಂದುತ್ತದೆ. ಯಾವ ಹನಿ, ಬಸ್ಸುಗಳ ಹಂಗಿಲ್ಲದೆ, ಕಣಗಳ ನಡುವಿನ ಬಲದಿಂದಲೇ ಶುರುಮಾಡಿ ಆ ಮಟ್ಟವನ್ನು ಲೆಕ್ಕ ಹಾಕಿದ್ದು 2011ರಲ್ಲಿ, ಅದೂ ಸೂಪರ್‌ಕಂಪ್ಯೂಟರಿನಲ್ಲಿ. ಕಾರ್ಬನ್‌ನಲ್ಲಿ ಇರುವುದು 12 ಕಣ. ಯುರೇನಿಯಂನಲ್ಲಿ 238.