ಸಾರಜನಕದಲ್ಲಿ ಉರಿಯುವ ಲೋಹದ ಪುಡಿ: ರಂಧ್ರದ ಲೆಕ್ಕ

ಉರಿಯಲು ಆಮ್ಲಜನಕವೇ ಬೇಕು ಎಂಬ ಹಳೆಯ ಪಾಠವನ್ನು ಮೊದಲು ಬದಿಗಿಡಿ. ಸಾರಜನಕ ತುಂಬಿದ ಉಕ್ಕಿನ ಪಾತ್ರೆಯಲ್ಲಿ ಟೈಟಾನಿಯಂ ಪುಡಿಯ ಒಂದು ತುದಿಯನ್ನು ಕಾದ ಟಂಗ್‌ಸ್ಟನ್ ತಂತಿಯಿಂದ ಹೊತ್ತಿಸಿದರೆ ಸಾಕು. ಲೋಹ ಸಾರಜನಕದೊಂದಿಗೆ ಕೂಡಿ ಟೈಟಾನಿಯಂ ನೈಟ್ರೈಡ್ ಆಗುತ್ತದೆ. ಅದರ ಪ್ರತಿ ಮೋಲ್‌ಗೆ (ಪರಮಾಣು, ಅಣುಗಳನ್ನು ಎಣಿಸುವ ನಿಗದಿತ ಅಳತೆ) ಸುಮಾರು 338 ಕಿಲೋಜೂಲ್ ಶಾಖ ಹೊರಬರುತ್ತದೆ, ಅದೇ ಪಕ್ಕದ ಪದರವನ್ನು ಹೊತ್ತಿಸುತ್ತದೆ. ಕುಲುಮೆ ಬೇಡ. ಹೀಗೆ ತಾನೇ ಮುಂದುವರಿಯುವ ದಹನವನ್ನು 1967ರಲ್ಲಿ ಸೋವಿಯತ್ ಒಕ್ಕೂಟದ ಚೆರ್ನೊಗೊಲೊವ್ಕಾದಲ್ಲಿ ವಿಜ್ಞಾನಿಗಳಾದ ಮೆರ್ಜಾನೊವ್, ಬೊರೊವಿನ್‌ಸ್ಕಾಯಾ, ಶ್ಕಿರೊ ಕಂಡುಕೊಂಡರು.

ನಾನು ಎಡವಿದ್ದು ಒತ್ತಡದ ವಿಷಯದಲ್ಲಿ. ಸುತ್ತ ಸಾರಜನಕ ಇದೆಯಲ್ಲ, ಮತ್ತೇಕೆ ಅದನ್ನು ವಾತಾವರಣದ ಹತ್ತಾರು, ನೂರಾರು ಪಟ್ಟು ಒತ್ತಡದಲ್ಲಿ ತುಂಬುತ್ತಾರೆ? ಲೆಕ್ಕ ಹಾಕಿದ ಮೇಲೇ ಅರ್ಥವಾಯಿತು.

ಒಂದು ಮೋಲ್ ಟೈಟಾನಿಯಂ ತೂಗುವುದು 47.9 ಗ್ರಾಂ; ಸಾಂದ್ರತೆ ಘನ ಸೆಂ.ಮೀ.ಗೆ 4.5 ಗ್ರಾಂ, ಅಂದರೆ ಲೋಹದ ಗಾತ್ರ 10.6 ಘನ ಸೆಂ.ಮೀ. ಪುಡಿಯಲ್ಲಿ ಅರ್ಧದಷ್ಟು ಖಾಲಿ ಜಾಗ ಇದೆ ಎಂದುಕೊಳ್ಳಿ, ರಂಧ್ರಗಳದ್ದೂ 10.6 ಘನ ಸೆಂ.ಮೀ. ಇಷ್ಟು ಟೈಟಾನಿಯಂಗೆ ಬೇಕಾದ ಸಾರಜನಕ ಅರ್ಧ ಮೋಲ್ (ಅದರ ಒಂದೊಂದು ಅಣುವಿನಲ್ಲಿ ಎರಡು ಪರಮಾಣುಗಳಿವೆ). ಕೋಣೆಯ ಉಷ್ಣತೆಯಲ್ಲಿ, ಮಾಮೂಲಿ ಒತ್ತಡದಲ್ಲಿ ಅದರ ಗಾತ್ರ ಸುಮಾರು 12,200 ಘನ ಸೆಂ.ಮೀ. ಭಾಗಿಸಿ ನೋಡಿ: 1,150 ಪಟ್ಟು ಕೊರತೆ! ಒತ್ತಡವನ್ನು 100 ಪಟ್ಟು ಏರಿಸಿದರೂ ರಂಧ್ರದೊಳಗಿನ ಅನಿಲ ನೂರರಲ್ಲಿ ಒಂಬತ್ತು ಪಾಲಿಗೂ ಸಾಲದು. ಉಳಿದದ್ದೆಲ್ಲ ಹೊರಗಿನಿಂದ ಒಳಗೆ ಹರಿದು ಬರಬೇಕು. ಉರಿಯುವ ಪದರ ಅನಿಲವನ್ನು ನುಂಗಿದಂತೆ ಅಲ್ಲಿ ಒತ್ತಡ ಕುಸಿಯುತ್ತದೆ, ಆ ವ್ಯತ್ಯಾಸವೇ ಹೊರಗಿನ ಅನಿಲವನ್ನು ಒಳಗೆಳೆಯುತ್ತದೆ. ಹೊರಗಿನ ಒತ್ತಡ ಹೆಚ್ಚಿದಷ್ಟೂ ಈ ಎಳೆತ ಬಲವಾಗುತ್ತದೆ.

ಹಾಗಾದರೆ ದಾರಿ ಮುಚ್ಚಿದರೆ? ಟೈಟಾನಿಯಂ 1,668 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ, ಹೀಗೇ ಸಾರಜನಕದಲ್ಲಿ ಉರಿಸುವ ಅಲ್ಯೂಮಿನಿಯಂ ಬರೀ 660ಕ್ಕೆ. ಕರಗಿದ ಲೋಹ ರಂಧ್ರಗಳನ್ನು ಮುಚ್ಚಿಬಿಟ್ಟರೆ ನಡುಭಾಗದ ಲೋಹ ಹಾಗೇ ಉಳಿಯುತ್ತದೆ. ಇದಕ್ಕೆ ಮದ್ದು ನನಗೆ ತುಂಬಾ ಇಷ್ಟವಾದ ಉಪಾಯ: ಮೊದಲೇ ಸಿದ್ಧವಾದ ನೈಟ್ರೈಡ್ ಪುಡಿಯನ್ನೇ ಬೆರೆಸುವುದು. ಉರಿಯಬೇಕಾದದ್ದರ ಜೊತೆಗೆ ಆಗಲೇ ಉರಿದು ಮುಗಿದದ್ದನ್ನು ಹಾಕುವುದು ವಿಚಿತ್ರವೆನಿಸಿತ್ತು. ಆದರೆ ಅದು ಶಾಖವನ್ನು ಹೀರಿ ಉಷ್ಣತೆ ಇಳಿಸುತ್ತದೆ, ಲೋಹದ ಹನಿಗಳು ಒಂದಾಗದಂತೆ ನಡುವೆ ನಿಲ್ಲುತ್ತದೆ. ಅತಿಯಾದರೆ ಮಾತ್ರ ಬೆಂಕಿಯೇ ಆರಿಹೋಗುತ್ತದೆ.

ಸಿಲಿಕಾನ್ ಪುಡಿಯಲ್ಲಿ ಒತ್ತಡಕ್ಕೆ ಇನ್ನೊಂದು ಕೆಲಸವೂ ಇದೆ. ಮಾಮೂಲಿ ಒತ್ತಡದ ಸಾರಜನಕದಲ್ಲಿ ಸಿಲಿಕಾನ್ ನೈಟ್ರೈಡ್ ಸುಮಾರು 1,900 ಡಿಗ್ರಿಗೆ ಮತ್ತೆ ಸಿಲಿಕಾನ್ ಮತ್ತು ಸಾರಜನಕವಾಗಿ ಒಡೆಯುತ್ತದೆ. ಒಡೆದಾಗ ಅನಿಲ ಹುಟ್ಟುವುದರಿಂದ, ಒತ್ತಡ ಹೆಚ್ಚಿಸಿದರೆ ಲೆ ಶಾಟೆಲಿಯೆ ತತ್ವದಂತೆ (ಒತ್ತಡ ಹೇರಿದಾಗ ಕ್ರಿಯೆ ಅನಿಲ ಕಡಿಮೆಯಾಗುವ ಕಡೆಗೆ ವಾಲುತ್ತದೆ) ಆ ಮಿತಿ ಮೇಲೇರುತ್ತದೆ, ನೈಟ್ರೈಡ್ ಉಳಿದುಕೊಳ್ಳುತ್ತದೆ.