21ನೇ ದಿನ ಬರುವ ಫೋನು

ಮ್ಯಾನೇಜರುಗಳಿಗೆ ತರಬೇತಿ ಕೊಡುವುದು ನನ್ನ ಕೆಲಸ. ತರಬೇತಿ ಮುಗಿದು ಸರಿಯಾಗಿ ಮೂರು ವಾರಕ್ಕೆ ಒಂದು ಫೋನು ಬರುತ್ತದೆ, ತಪ್ಪಿದ್ದೇ ಇಲ್ಲ. "21 ದಿನ ಆಯ್ತು. ಅಭ್ಯಾಸ ಆಗ್ಲೇ ಇಲ್ಲ. ನನ್ನ ಕೈಲಿ ಆಗಲ್ಲ ಅನ್ಸುತ್ತೆ."

21 ದಿನ ಮಾಡಿದರೆ ಅಭ್ಯಾಸ ಕೂರುತ್ತದೆ ಅನ್ನುವ ಈ ಲೆಕ್ಕ ಎಲ್ಲಿಂದ ಬಂತು ಅಂತ ಮಾತ್ರ ಯಾರೂ ಕೇಳುವುದಿಲ್ಲ. ಸರ್ಜರಿ ಮಾಡಿಸಿಕೊಂಡವರು ತಮ್ಮ ಹೊಸ ಮುಖಕ್ಕೆ ಹೊಂದಿಕೊಳ್ಳಲು ಕಡಿಮೆ ಅಂದರೂ ಸುಮಾರು 21 ದಿನ ಬೇಕು ಎಂದು 1960ರಲ್ಲಿ ಮ್ಯಾಕ್ಸ್‌ವೆಲ್ ಮಾಲ್ಟ್ಸ್ ಎಂಬ ಪ್ಲಾಸ್ಟಿಕ್ ಸರ್ಜನ್ ಬರೆದಿದ್ದರು. ಬಾಯಿಂದ ಬಾಯಿಗೆ ಹೋಗುತ್ತಾ 'ಕಡಿಮೆ ಅಂದರೂ' ಉದುರಿಹೋಯಿತು. ಮುಖದ ಲೆಕ್ಕ ಅಭ್ಯಾಸಕ್ಕೂ ಬಂತು!

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರನ್ನು 12 ವಾರ ಗಮನಿಸಿದರು. ಅಭ್ಯಾಸ ಕೂರಲು ಕೆಲವರಿಗೆ 18 ದಿನ, ಕೆಲವರಿಗೆ 254 (12 ವಾರ ದಾಟಿದ್ದು ಲೆಕ್ಕ ಹಾಕಿ ಮಾಡಿದ ಅಂದಾಜು). ನಡುವಿನ ಲೆಕ್ಕ 66. ಅದೂ ಹಣ್ಣು ತಿನ್ನುವುದು, ನೀರು ಕುಡಿಯುವುದು, ಓಡುವುದು ಇಂಥವಕ್ಕೆ. ಬೇರೆಯವರ ಮಾತು ಮುಗಿಯುವ ತನಕ ಬಾಯಿ ಮುಚ್ಚಿಕೊಂಡಿರುವುದಕ್ಕೆ ಇನ್ನೂ ಜಾಸ್ತಿ ಹಿಡಿಯಬಹುದು, ಅಲ್ವಾ?

ಒಬ್ಬರಿದ್ದರು. ಮನುಷ್ಯ ಚಿನ್ನ, ಆದರೆ ಯಾರ ಮಾತನ್ನೂ ಪೂರ್ತಿ ಕೇಳಿದವರಲ್ಲ. 'ಒಳ್ಳೆಯ ಕೇಳುಗನಾಗುತ್ತೇನೆ' ಎಂದು ಡೈರಿಯಲ್ಲಿ ಬರೆದುಕೊಂಡು ಬಂದರು. ಆ ಸಾಲನ್ನು ಹೊಡೆದು ಹಾಕಿಸಿದೆ. ಅದು ಆಸೆ, ಅಭ್ಯಾಸ ಅಲ್ಲ. ಅಭ್ಯಾಸಕ್ಕೆ ಕೈಗೆ ಸಿಗುವ ಒಂದು ಕೊಕ್ಕೆ ಬೇಕು. ಎದುರಿಗಿದ್ದವರು ಮಾತು ಶುರು ಮಾಡಿದ ಕೂಡಲೇ ಪೆನ್ನಿಗೆ ಕ್ಯಾಪ್ ಹಾಕಿ ಕೆಳಗಿಡಿ ಅಂದೆ. ಒಂದು ಪ್ರಶ್ನೆ ಕೇಳಿದ ಮೇಲೆಯೇ ಮತ್ತೆ ಎತ್ತಿಕೊಳ್ಳಬೇಕು. ಅಷ್ಟೇ.

ಮೂರು ವಾರಕ್ಕೆ ಅವರದ್ದೂ ಫೋನು ಬಂತು. "ನಿನ್ನೆ ಮರೆತೇಹೋಯ್ತು. ಮತ್ತೆ ಒಂದರಿಂದ ಎಣಿಸಬೇಕಾ?"

ಬೇಡ. ನಾನು ಗಂಟಲು ಹರಿದುಕೊಳ್ಳುವುದು ಇದಕ್ಕೇ. ಒಂದು ದಿನ ತಪ್ಪಿದ್ದರಿಂದ ಅಭ್ಯಾಸಕ್ಕೆ ಹೇಳಿಕೊಳ್ಳುವಂಥ ಪೆಟ್ಟೇನೂ ಬೀಳಲಿಲ್ಲ ಅಂತ ಅದೇ ಲ್ಯಾಲಿ ಅಧ್ಯಯನ ಹೇಳುತ್ತದೆ. ಆದರೆ ನಮ್ಮ ಜನ ಒಂದು ದಿನ ತಪ್ಪಿದ್ದಕ್ಕೆ ಸುಮ್ನೆ ಇಡೀ ವರ್ಷವನ್ನೇ ಕೈಬಿಡುತ್ತಾರೆ. ತಪ್ಪಿತಾ? ನಾಳೆ ಮಾಡಿ. ನಾಡಿದ್ದೂ ತಪ್ಪಿದರೆ ಆಚೆ ನಾಡಿದ್ದು ಮಾಡಿ. (ವಾರಗಟ್ಟಲೆ ಬಿಟ್ಟರೆ ಬೇರೆ ಮಾತು. ನನ್ನ ಹೆಸರು ಹೇಳಿ ನೆಪ ಹುಡುಕಬೇಡಿ.)

ನಾಲ್ಕು ತಿಂಗಳ ನಂತರ ಅವರ ಮೀಟಿಂಗೊಂದರಲ್ಲಿ ಹಿಂದಿನ ಸಾಲಲ್ಲಿ ಕೂತಿದ್ದೆ. ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಮಾತಿಗೆ ತಡವರಿಸುತ್ತಿದ್ದಳು. ಪೆನ್ನಿನ ಕ್ಯಾಪ್ ಟಕ್ ಅಂತು. ಅವಳು ಕುರ್ಚಿ ಮುಂದಕ್ಕೆಳೆದುಕೊಂಡು ಶುರು ಮಾಡಿದಳು. ಆಮೇಲೆ ನಾನು ಅದನ್ನು ನೆನಪಿಸಿದರೆ ಅವರು ಜೇಬಿನ ಪೆನ್ನು ಮುಟ್ಟಿ ನೋಡಿಕೊಂಡರು. "ಹೌದಾ? ಹಾಕಿದ್ನಾ?"