ದೆವ್ವಕ್ಕೆ ಬೇಕಾದ ಕತ್ತಲೆ

ಒಲೆ ಹೊತ್ತುತ್ತಿಲ್ಲ. ಕೆಲಸದಾಕೆ ಮೇರಿ ಜೇನ್ ಬೂಟಿಗೆ ಪಾಲಿಶ್ ಹಚ್ಚುತ್ತಾಳೆ, ಅದೇ ಮಸಿಯನ್ನು ಮುಖಕ್ಕೂ ಬಳಿದುಕೊಂಡು ಮೂಗಿನ ಕೆಳಗೆ ಒಂದು ಮೀಸೆ ತಂದುಕೊಳ್ಳುತ್ತಾಳೆ. ಆಮೇಲೆ ಸೀಮೆಎಣ್ಣೆ ಡಬ್ಬ ನೆನಪಾಗುತ್ತದೆ. ನಮ್ಮತ್ತ ತಿರುಗಿ ಕಣ್ಣು ಹೊಡೆದು, ಎಣ್ಣೆಯನ್ನು ಧಾರಾಳವಾಗಿ ಒಲೆಗೆ ಸುರಿಯುತ್ತಾಳೆ. ಢಮ್ಮೆಂದು ಹೊಗೆ. ಮರುಕ್ಷಣ ಚಿಮಣಿಯಿಂದ ಹೊರಚಿಮ್ಮಿ, ತುಂಡುತುಂಡಾಗಿ ಕೆಳಗೆ ಬೀಳುತ್ತಾಳೆ.

‘ಮೇರಿ ಜೇನ್ಸ್ ಮಿಸ್‌ಹ್ಯಾಪ್’ ಎಂಬ ಈ ಚಿತ್ರ 1903ರದು. ನಾಲ್ಕು ನಿಮಿಷದ ಆಸುಪಾಸಿನದು, ಮಾತಿಲ್ಲದ್ದು. ಹಸಿ ಸೌದೆಗೆ ಸೀಮೆಎಣ್ಣೆ ಸುರಿದು ಹುಬ್ಬು ಸುಟ್ಟುಕೊಂಡವರನ್ನು ಕಂಡವರಿಗೆ ಇದರ ವಿಜ್ಞಾನವನ್ನು ಬಿಡಿಸಿ ಹೇಳಬೇಕಿಲ್ಲ. ಹೊತ್ತಿಕೊಳ್ಳುವುದು ಎಣ್ಣೆಯಲ್ಲ, ಅದರ ಆವಿ. 40 ಡಿಗ್ರಿ ಸೆಲ್ಸಿಯಸ್ ಸುಮಾರಿಗೇ ಬೆಂಕಿ ಹಿಡಿಯುವಷ್ಟು ಆವಿ ಏಳಬಲ್ಲದು. ಬಿಸಿ ಒಲೆಯ ಗೂಡಿನೊಳಗೆ ಆ ಆವಿ ಗಾಳಿಯೊಡನೆ ಬೆರೆತು ಕಾಯುತ್ತಿದ್ದರೆ, ಕಿಡಿ ತಗುಲಿದಾಗ ಎಲ್ಲವೂ ಒಟ್ಟಿಗೇ ಉರಿಯುತ್ತದೆ. ನಗಿಸುತ್ತಲೇ ಭಯ ಹುಟ್ಟಿಸುವ ಪಾಠ.

ಮೇರಿ ಜೇನ್ ಆಗಿದ್ದವಳು ಲಾರಾ ಬೇಲಿ. ಹುಟ್ಟಿದ್ದು 1862ರಲ್ಲಿ, ಇಂಗ್ಲೆಂಡಿನ ಕಡಲೂರು ರ‍್ಯಾಮ್ಸ್‌ಗೇಟ್‌ನಲ್ಲಿ. ಬ್ಲಾಂಚ್, ಫ್ಲಾರೆನ್ಸ್, ಈವಾ ಎಂಬ ಸೋದರಿಯರೊಂದಿಗೆ ಬ್ರೈಟನ್ನಿನ ರಂಗಭೂಮಿಯಲ್ಲಿ ಬರ್ಲೆಸ್ಕ್ ಎಂಬ ಅಣಕು ನಾಟಕ, ಪ್ಯಾಂಟೊಮೈಮ್ ಆಡಿ ಬೆಳೆದವಳು. ಪ್ಯಾಂಟೊಮೈಮ್ ಎಂದರೆ ಬರೀ ಮೂಕಾಭಿನಯ ಎಂದುಕೊಳ್ಳಬೇಡಿ. ಇಂಗ್ಲೆಂಡಿನಲ್ಲಿ ಅದು ಕ್ರಿಸ್‌ಮಸ್ ಕಾಲದ ಹಾಡು, ಕುಣಿತ, ಗೇಲಿ, ಮಾಯಾಮಂತ್ರ ಎಲ್ಲ ಕಲಸಿದ ಆಟ. ಅಲ್ಲಿ ನಟಿಗೆ ತಾಳ ಗೊತ್ತಿರಬೇಕು, ಕೊನೆಯ ಸಾಲಿನವರಿಗೂ ನಗು ಮುಟ್ಟಿಸುವುದು ಗೊತ್ತಿರಬೇಕು.

1888ರಲ್ಲಿ ಆಕೆ ಜಾರ್ಜ್ ಆಲ್ಬರ್ಟ್ ಸ್ಮಿತ್‌ನನ್ನು ಮದುವೆಯಾದಳು. ಈತ ವೇದಿಕೆಯ ಮೇಲೆ ಸಮ್ಮೋಹನ ವಿದ್ಯೆ ತೋರಿಸುತ್ತಿದ್ದವನು. ದೆವ್ವ, ಮನಸ್ಸಿನಿಂದ ಮನಸ್ಸಿಗೆ ಸುದ್ದಿ ಇತ್ಯಾದಿಗಳನ್ನು ಗಂಭೀರವಾಗಿ ತನಿಖೆ ಮಾಡುತ್ತಿದ್ದ ಲಂಡನ್ನಿನ ಸೊಸೈಟಿ ಫಾರ್ ಸೈಕಿಕಲ್ ರಿಸರ್ಚ್‌ನಲ್ಲೂ ಕೆಲಸ ಮಾಡಿದ್ದ. 1892ರಲ್ಲಿ ಬ್ರೈಟನ್ ಪಕ್ಕದ ಹೋವ್‌ನಲ್ಲಿದ್ದ ಸೇಂಟ್ ಆನ್ಸ್ ವೆಲ್ ಎಂಬ ತೋಟವನ್ನು ಗುತ್ತಿಗೆಗೆ ಹಿಡಿದ. ಕಬ್ಬಿಣಾಂಶದ ಚಿಲುಮೆಗೆ ಹೆಸರಾದ ಆ ಜಾಗದಲ್ಲಿ ಬಲೂನು, ಪ್ಯಾರಾಚೂಟ್ ಜಿಗಿತ, ಗಾಜಿನ ಮೇಲಿನ ಚಿತ್ರಗಳನ್ನು ತೆರೆಗೆ ಬೀರುವ ಮಾಯಾದೀಪದ ಪ್ರದರ್ಶನ ಎಲ್ಲವನ್ನೂ ಸೇರಿಸಿದ. 1897ರಿಂದ ಸಿನಿಮಾ ತೆಗೆಯಲು ಶುರುಮಾಡಿದ. ಚಿಲುಮೆಯ ಪಂಪ್ ಹೌಸ್ ಫಿಲ್ಮ್ ತೊಳೆದು ಮುದ್ರಿಸುವ ಕಾರ್ಖಾನೆಯಾಯಿತು. ನಟಿ ಮನೆಯಲ್ಲೇ ಇದ್ದಳು. ಮಕ್ಕಳಾದ ಹೆರಾಲ್ಡ್, ಡೊರೊಥಿ ಕೂಡ ಕ್ಯಾಮೆರಾ ಮುಂದೆ ಬಂದರು.

ಸಿನಿಮಾ ಚರಿತ್ರೆಯ ಪುಸ್ತಕಗಳು ಸ್ಮಿತ್‌ನ ತಂತ್ರಗಳನ್ನು ಪಟ್ಟಿ ಮಾಡುತ್ತವೆ. ಲಾರಾ ಅಲ್ಲಿ ‘ಅವನ ಹೆಂಡತಿ’. ನನ್ನ ತಕರಾರು ಅಲ್ಲೇ ಇರುವುದು. ಆ ತಂತ್ರಗಳನ್ನು ಒಂದೊಂದಾಗಿ ಬಿಚ್ಚಿ ನೋಡಿದರೆ, ಮಸೂರ, ಫಿಲ್ಮ್‌ಗಳ ಹಾಗೆ ನಟಿಯ ಮೈಯೂ ಯಂತ್ರದ ಒಂದು ಭಾಗವಾಗಿ ಕೆಲಸ ಮಾಡಿದ್ದು ಕಾಣುತ್ತದೆ.

ದೆವ್ವವನ್ನೇ ತೆಗೆದುಕೊಳ್ಳಿ. ಮೇರಿ ಜೇನ್ ಸತ್ತ ಮೇಲೆ ಅವಳ ಸಮಾಧಿ ಕಾಣುತ್ತದೆ, ಅದರಿಂದ ಅವಳ ಪ್ರೇತ ಪಾರದರ್ಶಕವಾಗಿ ಎದ್ದು ಬರುತ್ತದೆ. ಒಂದೇ ಫಿಲ್ಮಿಗೆ ಎರಡು ಸಲ ಬೆಳಕು ಉಣಿಸುವುದು ಇದರ ಗುಟ್ಟು. ಫಿಲ್ಮಿನ ಮೇಲಿನ ಜೆಲಟಿನ್ ಪದರದಲ್ಲಿ ಸಿಲ್ವರ್ ಬ್ರೋಮೈಡ್‌ನ ಸೂಕ್ಷ್ಮ ಹರಳುಗಳಿರುತ್ತವೆ. ಬೆಳಕು ಬಿದ್ದ ಹರಳಿನಲ್ಲಿ ಬೆರಳೆಣಿಕೆಯಷ್ಟು ಬೆಳ್ಳಿಯ ಪರಮಾಣುಗಳು ಬಿಡುಗಡೆಯಾಗಿ ಗುಂಪುಗೂಡುತ್ತವೆ. ಕಣ್ಣಿಗೆ ಏನೂ ಕಾಣದು. ಡೆವಲಪರ್ ದ್ರಾವಣದಲ್ಲಿ ಅದ್ದಿದಾಗ ಮಾತ್ರ ಅಂಥ ಹರಳು ಪೂರ್ತಿ ಬೆಳ್ಳಿಯಾಗಿ ಕಪ್ಪಾಗುತ್ತದೆ. ಬೆಳಕು ಕಾಣದ ಹರಳು ಹಾಗೇ ಉಳಿದು, ಮುಂದಿನ ಸಲದ ಬೆಳಕಿಗಾಗಿ ಕಾಯುತ್ತದೆ.

ಆದ್ದರಿಂದ ಮೊದಲು ಸ್ಮಶಾನ ಚಿತ್ರಿಸಿ, ಫಿಲ್ಮನ್ನು ಕತ್ತಲಲ್ಲಿ ಹಿಂದಕ್ಕೆ ಸುತ್ತಿ, ಕಪ್ಪು ಬಟ್ಟೆಯ ಮುಂದೆ ನಟಿಯನ್ನು ನಿಲ್ಲಿಸಿ ಮತ್ತೊಮ್ಮೆ ಕ್ಯಾಮೆರಾ ತಿರುಗಿಸಬಹುದು. ಕಪ್ಪು ಬಟ್ಟೆ ಫಿಲ್ಮಿಗೆ ಏನನ್ನೂ ಬರೆಯುವುದಿಲ್ಲ, ನಟಿ ಮಾತ್ರ ಬರೆಯುತ್ತಾಳೆ. ಎರಡು ಬೆಳಕೂ ಕೂಡಿಕೊಳ್ಳುವುದರಿಂದ ಅವಳ ಮೈಯೊಳಗಿಂದ ಹಿಂದಿನ ಕಲ್ಲು ಕಾಣುತ್ತದೆ. ತಮಾಷೆಯೆಂದರೆ, ಮೊದಲ ದೃಶ್ಯದಲ್ಲಿ ಬಿಳಿಗೋಡೆಯೋ ಬೆಳ್ಳನೆಯ ಆಕಾಶವೋ ಇದ್ದರೆ ಅಲ್ಲಿನ ಹರಳುಗಳೆಲ್ಲ ಆಗಲೇ ಖರ್ಚಾಗಿರುತ್ತವೆ. ದೆವ್ವ ಅಲ್ಲಿ ನಿಂತರೂ ಕಾಣುವುದಿಲ್ಲ. ದೆವ್ವಕ್ಕೆ ಕತ್ತಲೆ ಬೇಕು ಎಂಬ ಅಜ್ಜಿಯ ಮಾತು ರಸಾಯನಶಾಸ್ತ್ರದಲ್ಲೂ ನಿಜ!

ಎರಡನೆಯ ಸಲ ನಿಂತಾಗ ನಟಿಯ ಸುತ್ತ ಸಮಾಧಿಯಿಲ್ಲ, ಎದುರುಪಾತ್ರಗಳಿಲ್ಲ, ಹಿಂದೆ ಬರೀ ಕಪ್ಪು ಬಟ್ಟೆ. ಎಲ್ಲಿ ಏಳಬೇಕು, ಎಷ್ಟು ಎಣಿಸಿದ ಮೇಲೆ ಯಾವ ಕಡೆ ತಿರುಗಬೇಕು ಎಂಬುದೆಲ್ಲ ಎಣಿಕೆಯಲ್ಲೇ ಇರಬೇಕು. ಅಂದಿನ ಕ್ಯಾಮೆರಾಕ್ಕೆ ಮೋಟಾರಿಲ್ಲ. ಹಿಡಿಯನ್ನು ಒಂದು ಸುತ್ತು ತಿರುಗಿಸಿದರೆ ಸಾಮಾನ್ಯವಾಗಿ 8 ಚಿತ್ರ, ಸೆಕೆಂಡಿಗೆ ಎರಡು ಸುತ್ತು, ಅಂದರೆ 16 ಚಿತ್ರ. ತಿರುಗಿಸುವವನ ಕೈ ಒಂದು ತಾಳ, ಕುಣಿಯುವವಳ ಕಾಲು ಇನ್ನೊಂದು. ಎರಡೂ ಹೊಂದದಿದ್ದರೆ ದೆವ್ವ ಬರುವ ಮೊದಲೇ ಜನ ಬೆದರಿ ಓಡಿರುತ್ತಾರೆ. ಪ್ಯಾಂಟೊಮೈಮ್‌ನಲ್ಲಿ ಪಳಗಿದವಳಿಗೆ ಇದು ಹೊಸ ಕೆಲಸವೇನಲ್ಲ.

ಇನ್ನು ಕಣ್ಣು ಹೊಡೆಯುವುದು. ಆರೋಗ್ಯವಂತ ಕಣ್ಣು ಬಿಡಿಸಿ ನೋಡಬಲ್ಲ ಅತಿ ಸಣ್ಣ ಕೋನ ಸುಮಾರು ಒಂದು ಆರ್ಕ್‌ಮಿನಿಟ್, ಅಂದರೆ ಒಂದು ಡಿಗ್ರಿಯ 60ನೇ ಒಂದು ಭಾಗ. 20 ಮೀಟರ್ ದೂರದಲ್ಲಿ ಅದು 6 ಮಿಲಿಮೀಟರ್‌ಗೆ ಸಮ. ತೆರೆದ ಕಣ್ಣಿನ ಎತ್ತರವೇ ಒಂದು ಸೆಂಟಿಮೀಟರ್. ಹಾಗಾಗಿ ನಾಟಕದ ಹಿಂದಿನ ಸಾಲಿನವನಿಗೆ ನಟಿ ಕಣ್ಣು ಮಿಟುಕಿಸಿದ್ದು ಕಂಡೂ ಕಾಣದ ಹಾಗೆ. ಸ್ಮಿತ್ ಈ ಚಿತ್ರದಲ್ಲಿ ಅಡುಗೆಮನೆಯ ದೂರದ ನೋಟದ ನಡುವೆ, ಎದೆಮಟ್ಟದ ಹತ್ತಿರದ ನೋಟಗಳನ್ನು ಹೊಲಿದ. ಮುಖ ತೆರೆಯ ಮೇಲೆ ಐದು ಪಟ್ಟು ದೊಡ್ಡದಾಯಿತೆನ್ನಿ, ಅದೇ ಹಿಂದಿನ ಸಾಲಿನವನಿಗೆ ಕಣ್ಣು ಎಂಟು ಆರ್ಕ್‌ಮಿನಿಟ್ ದಾಟುತ್ತದೆ. ಮೀಸೆಯ ಮಸಿ, ಹುಬ್ಬಿನ ಏರಿಳಿತ, ಕಳ್ಳನಗು ಎಲ್ಲ ಅವನ ಪಾಲಿಗೂ ಬಂತು. ಕೈಕಾಲು ಬೀಸಿ ನಗಿಸುತ್ತಿದ್ದ ನಟಿ ಈಗ ರೆಪ್ಪೆಯಿಂದ ನಗಿಸಬೇಕಾಯಿತು. ಲಾರಾ ಎರಡನ್ನೂ ಒಂದೇ ಚಿತ್ರದಲ್ಲಿ, ನೋಟ ಬದಲಾದಂತೆ ತಾನೂ ಬದಲಾಗಿ ಮಾಡಿದ್ದಾಳೆ. ನನಗಂತೂ ದೆವ್ವಕ್ಕಿಂತ ಇದೇ ದೊಡ್ಡ ಮಾಯೆ.

ಇದಕ್ಕೂ ಮುಂಚೆ 1899ರ ‘ದಿ ಕಿಸ್ ಇನ್ ದ ಟನೆಲ್’ನಲ್ಲಿ ಗಂಡಹೆಂಡತಿ ಇಬ್ಬರೂ ರೈಲು ಡಬ್ಬಿಯಲ್ಲಿ ಕೂತಿದ್ದಾರೆ. ಡಬ್ಬಿ ಬರೀ ಸೆಟ್ಟು, ಎಲ್ಲಿಗೂ ಹೋಗುವುದಿಲ್ಲ. ಆದರೆ ರೈಲು ಸುರಂಗ ಹೊಕ್ಕು ಹೊರಬರುವ ಚಿತ್ರದ ಮಧ್ಯೆ ಆ ತುಣುಕನ್ನು ಸೇರಿಸಿದಾಗ, ಚುಂಬನ ಸುರಂಗದ ಕತ್ತಲಲ್ಲೇ ನಡೆಯಿತೆಂದು ಮೆದುಳು ತಾನೇ ಕೂಡಿಸಿಕೊಳ್ಳುತ್ತದೆ. 1900ರ ‘ಲೆಟ್ ಮಿ ಡ್ರೀಮ್ ಅಗೇನ್’ನಲ್ಲಿ ಆಕೆ ಮುದುಕನೊಬ್ಬನ ಕನಸಿನ ಸುಂದರಿ. ಮುತ್ತಿಡುವಾಗ ಚಿತ್ರ ಮಸುಕಾಗುತ್ತದೆ, ಮತ್ತೆ ಸ್ಫುಟವಾದಾಗ ಹಾಸಿಗೆಯಲ್ಲಿ ಪಕ್ಕಕ್ಕಿರುವುದು ಸ್ವಂತ ಹೆಂಡತಿ. ಇಲ್ಲಿ ಮಾಡಿದ್ದು ಇಷ್ಟೇ: ಮಸೂರವನ್ನು ಫೋಕಸ್ಸಿನಿಂದ ಜಾರಿಸಿದರೆ ಒಂದೊಂದು ಬಿಂದುವೂ ಒಂದೊಂದು ವೃತ್ತವಾಗಿ ಹರಡಿ ಅಕ್ಕಪಕ್ಕದ್ದರೊಡನೆ ಕಲಸಿಹೋಗುತ್ತದೆ. ಎಚ್ಚರವಾಗುವ ಹೊತ್ತಿನ ಕಣ್ಣಿನ ಮಂಜಿಗೆ ಇದಕ್ಕಿಂತ ಸರಳ ಉಪಾಯ ಇರಲಿಕ್ಕಿಲ್ಲ.

ಸ್ಮಿತ್ ಮುಂದೆ ಬಣ್ಣದ ಬೆನ್ನು ಹತ್ತಿದ. ಕೆಂಪು, ಹಸಿರು ಫಿಲ್ಟರ್‌ಗಳ ಚಕ್ರ ತಿರುಗಿಸಿ, ಸೆಕೆಂಡಿಗೆ 32 ಚಿತ್ರ ಓಡಿಸಿ ಬಣ್ಣ ಕಾಣಿಸುವ ಅವನ ಕೈನಮಾಕಲರ್ 1909ರಲ್ಲಿ ಲಂಡನ್ನಿನ ಸಾರ್ವಜನಿಕರ ಮುಂದೆ ಬಂತು. 1911ರ ದೆಹಲಿ ದರ್ಬಾರನ್ನು ಅದರಲ್ಲೇ ಚಿತ್ರಿಸಿದರು. ಪೇಟೆಂಟು ಕೋರ್ಟಿನಲ್ಲಿ ಬಿದ್ದುಹೋಯಿತು. ಲಾರಾ 1938ರಲ್ಲಿ ತೀರಿಕೊಂಡಳು, ಸ್ಮಿತ್ 1959ರಲ್ಲಿ. ಚಿಲುಮೆಯ ತೋಟ ಈಗ ಸಾರ್ವಜನಿಕ ಪಾರ್ಕು.

ಮೇರಿ ಜೇನ್‌ಳ ಸಮಾಧಿಯ ಕಲ್ಲಿನ ಮೇಲೆ, ಸೀಮೆಎಣ್ಣೆಯಿಂದ ಬೆಂಕಿ ಹೊತ್ತಿಸಿದವಳು ಇಲ್ಲಿದ್ದಾಳೆ ಎಂದು ಕೆತ್ತಿದ್ದಾರೆ. ‘ಶಾಂತಿಯಿಂದಿರಲಿ’ ಎನ್ನುವ ಕಡೆ ‘ತುಂಡುತುಂಡಾಗಿರಲಿ’ ಎಂದಿದೆ. ಅದನ್ನು ನೋಡುತ್ತ ನಿಂತವರನ್ನು ಬೆದರಿಸಿ ಓಡಿಸುವ ಪ್ರೇತಕ್ಕೆ ಅವರ ಮೇಲೆ ಯಾವ ಸಿಟ್ಟೂ ಇಲ್ಲ. ಅದು ಎದ್ದು ಬಂದಿರುವುದು ತನ್ನ ಡಬ್ಬಕ್ಕಾಗಿ.